ಕಪಿಲೆಯ ಕಣಿವೆಗೆ ಕರೆದೊಯ್ದ ಮೇಷ್ಟ್ರು

ಹೋದ ವಾರ ಬನ್ನೂರಿನ ಸಂತೆಯಲ್ಲಿ ಮೂಗಿಗೆ ರಸಬಾಳೆಯ ಘಮ ಬಡಿಯಿತು. ಈಗ ಆ ಹಣ್ಣು ಸಿಗುವುದೇ ಅಪರೂಪ. ಒಂದು ಚಿಪ್ಪು ತಗೊಳ್ಳೋಣವೇ ಎಂದರು ನಮ್ಮ ಯಜಮಾನರು. ಬೇಡವೆಂದು ಮುಖ ತಿರುಗಿಸಿದೆ. ಆ ವಾಸನೆ ಬಂದರೆ ನನಗೆ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾಗುತ್ತಾರೆ...

ತೊಂಬತ್ತರ ದಶಕ. ನಂಜನಗೂಡಿನಲ್ಲಿ ಹೈಸ್ಕೂಲು ಓದುತ್ತಿದ್ದೆವು. ಬೇಸಿಗೆ ರಜೆ ಬಂತೆಂದರೆ ಮೇಷ್ಟ್ರು ನಮ್ಮನ್ನು ಕಾಡಿಗೆ ಕರೆದೊಯ್ಯುತ್ತಿದ್ದರು. ನಮ್ಮೂರಿನ ಸ್ನಾನಘಟ್ಟಕ್ಕೆ ಬರುವ ಅದೇ ಕಪಿಲೆ. ಅಲ್ಲಿ, ರಾಷ್ಟ್ರೀಯ ಉದ್ಯಾನದ ಕಣಿವೆಯಲ್ಲಿ, ಅದರ ದಡದ ಮೇಲೆ ನಮ್ಮ ಟೆಂಟು. ಆನೆ, ಕಾಟಿ, ಜಿಂಕೆಗಳು ನೀರಿಗಿಳಿಯುವುದನ್ನು ತುಟಿ ಪಿಟಕ್ಕೆನ್ನದೆ ನೋಡಬೇಕು. ಹಣ್ಣು, ಬೆಲ್ಲ ತರುವಂತಿಲ್ಲ, ಆನೆಗೆ ದೂರದಿಂದಲೇ ವಾಸನೆ ಸಿಗುತ್ತದೆ. ಮೇಷ್ಟ್ರು ವರ್ಷವೆಲ್ಲ ಬದುಕುತ್ತಿದ್ದುದೇ ಆ ಕೆಲವು ದಿನಗಳಿಗಾಗಿ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲಾ ಆಡಳಿತ ಮಂಡಳಿಯ ಅಧ್ಯಕ್ಷರೂ ಜೀಪಿನಲ್ಲಿ ಬಂದರು, ರಸಬಾಳೆಯ ಗೊನೆ ಸಮೇತ. ಹೊಳೆ ಕಂಡರೆ ಗಂಗೆಪೂಜೆ ಮಾಡದೆ ಇರಲಾಗದ ಜನ ನಾವು. ಸ್ನಾನಘಟ್ಟಕ್ಕೂ ಆನೆ ನೀರು ಕುಡಿಯುವ ದಡಕ್ಕೂ ಅಧ್ಯಕ್ಷರಿಗೆ ವ್ಯತ್ಯಾಸ ತಿಳಿಯಲಿಲ್ಲ, ದಡದಲ್ಲೇ ಪೂಜೆ ಮಾಡಿಸಿದರು. ಪೂಜೆ ಮುಗಿದ ಮೇಲೆ, ಗೊನೆಯನ್ನು ಜೀಪಿನಲ್ಲಿ ವಾಪಸ್ ಕಳಿಸಿ ಎಂದು ಮೇಷ್ಟ್ರು ಕೈಮುಗಿದು ಕೇಳಿಕೊಂಡರು.

"ಗಂಗಮ್ಮನ ಪ್ರಸಾದ ಕಣ್ರೀ ಮೇಷ್ಟ್ರೇ. ಮಕ್ಳಿಗೆ ಕೊಡ್ದೆ ವಾಪಸ್ ಕಳಿಸ್ಲಾ?" ಎಂದ ಅಧ್ಯಕ್ಷರು ಅದನ್ನು ತಮ್ಮ ಟೆಂಟಿನಲ್ಲೇ ಇಡಿಸಿದರು.

ಸಂಜೆ ಒಂಟಿ ಸಲಗ ಬಂತು. ಟೆಂಟು ಚಿಂದಿಯಾಯಿತು. ಅಧ್ಯಕ್ಷರು ಎಲ್ಲರಿಗಿಂತ ಮೊದಲೇ ಜೀಪಿನಲ್ಲಿದ್ದರು. ಮೇಷ್ಟ್ರು ಮಾತ್ರ ತಟ್ಟೆ ಬಡಿಯುತ್ತಾ, ನಾವೆಲ್ಲ ದಿಬ್ಬ ಹತ್ತುವವರೆಗೂ ಆನೆಗೂ ನಮಗೂ ನಡುವೆ ನಿಂತಿದ್ದರು. ಆಮೇಲೆ ಓಡುವಾಗ ಬಂಡೆಯ ಮೇಲೆ ಬಿದ್ದು ಸೊಂಟ ಮುರಿದುಕೊಂಡರು.

ಊರಿಗೆ ಬಂದರೆ ತಪ್ಪೆಲ್ಲ ಮೇಷ್ಟ್ರದೇ ಆಯಿತು. ಅವರು ಆಸ್ಪತ್ರೆಯಿಂದ ಬಂದ ಮೇಲೆ ಆಡಳಿತ ಮಂಡಳಿಯವರು ಸಭೆ ಸೇರಿಸಿ, ಮಕ್ಕಳನ್ನು ಆನೆ ಬಾಯಿಗೆ ಕೊಡಲು ಹೊರಟವರು ಎಂದರು. ಗೊನೆ ತಂದವರು ಯಾರೆಂದು ನಾನೇ ಎದ್ದು ನಿಂತು ಹೇಳಿದೆ. "ಕೂತ್ಕಳವ್ವ, ದೊಡ್ಡೋರ ಮಧ್ಯೆ ನಿಂದೇನು?" ಎಂದರು ಅಧ್ಯಕ್ಷರು. ಮೇಷ್ಟ್ರು ತಲೆ ತಗ್ಗಿಸಿ ಕೂತೇ ಇದ್ದರು. ಹೊರಗೆ ಬಂದ ಮೇಲೆ, ಯಾಕೆ ಸುಮ್ಮನಿದ್ದಿರಿ ಎಂದು ಅವರನ್ನು ಕೇಳಿದೆ.

"ತಪ್ಪು ಒಪ್ಕೊಂಡ್ರೆ ಕ್ಯಾಂಪು ನಿಲ್ಸಲ್ಲ ಅಂತ ಮಾತು ಕೊಟ್ಟವ್ರೆ ಕಣವ್ವ."

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಮರುವರ್ಷ ಕ್ಯಾಂಪು ಹೊರಟಿತು, ಮೇಷ್ಟ್ರನ್ನು ಬಿಟ್ಟು. ಅಧ್ಯಕ್ಷರ ಅಳಿಯನೇ ಅದಕ್ಕೆ ಮುಂದಾಳು. ಮೇಷ್ಟ್ರು ಕುಂಟುತ್ತಾ ಪಾಠ ಮಾಡಿಕೊಂಡಿದ್ದು ನಿವೃತ್ತರಾದರು. ನನಗೆ ಅವರ ಮೇಲೂ ಸಿಟ್ಟಿದೆ, ಈಗಲೂ. ಅಂಥವರ ಮಾತನ್ನು ನಂಬುವಷ್ಟು ಒಳ್ಳೆಯತನ ಯಾರಿಗೆ ಬೇಕಿತ್ತು...

ಸಂತೆಯಿಂದ ಬಂದ ಮೇಲೆ ಮನಸ್ಸು ತಡೆಯದೆ, ಮರುದಿನ ಅವರ ಊರು ಹೆಡತಲೆಗೆ ಹೋದೆ. ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು. ನನಗೆ ಹೇಳಿದವರೇ ಇಲ್ಲ. ಅವರ ಹೆಂಡತಿ ಕಾಫಿ ಕೊಟ್ಟು ಪಕ್ಕದಲ್ಲಿ ಕೂತರು.

"ಬೇಸ್ಗೇಲಿ ಯಾವ್ ಮದ್ವೆಗೂ ಬತ್ತಿರ್ಲಿಲ್ಲ ಕಣವ್ವ. ಕ್ಯಾಂಪಿಗೆ ಕರ್ಯಕ್ಕೆ ಬಂದ್ರೆ ಮನೇಲಿರ್ಬೇಕಲ್ಲ ಅನ್ನೋರು."

ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

"ಒಬ್ರೂ ಬರ್ಲಿಲ್ಲ. ಕೊನೇ ಬೇಸ್ಗೇಲೂ ನನ್ ತಂಗಿ ಮಗಳ ಮದ್ವೆಗೆ ನಾನೊಬ್ಳೇ ಓಗ್ಬಂದೆ."