ಗರಗದ ತೊಟ್ಟು

ಬಿಳಿ ಹೂವಿನ ಎರಡು ಗಿಡಗಳಲ್ಲಿ ಯಾವುದು ಯಾವುದೆಂದು ಗುರುತಿಸುವುದು, ಅಪ್ಪನ ತಿಥಿಯಲ್ಲಿ ನನಗಿದ್ದ ಪಾಲು ಅದೊಂದೇ. ಮಂತ್ರ, ಪಿಂಡ, ತರ್ಪಣ ಎಲ್ಲ ತಮ್ಮನದು. ಮಡಿ ಅಡುಗೆ ಅವನ ಹೆಂಡತಿಯದು. ನಾನು ದೇವದುರ್ಗದಿಂದ ಬಸ್ಸಿನಲ್ಲಿ ರಾಯಚೂರಿಗೆ ಬಂದು ಇಳಿಯುವವಳು, ಒಲೆಯ ಹತ್ತಿರ ಸುಳಿಯುವಂತಿಲ್ಲ. ಆದರೆ ಪಿಂಡಕ್ಕೆ ಏರಿಸುವ ಗರಗದ, ಅಂದರೆ ಭೃಂಗರಾಜದ, ಸೊಪ್ಪನ್ನು ಮಾತ್ರ ನಾನೇ ತರಬೇಕು. "ಅಕ್ಕ ತಂದದ್ದಂದ್ರ ಅನುಮಾನ ಇಲ್ಲ" ಎನ್ನುತ್ತಿದ್ದ ತಮ್ಮ. ಮದುವೆಯಾಗದೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಅಷ್ಟು ಸಾಕಾಗುತ್ತಿತ್ತು. ಸಾಕಾಗುತ್ತಿತ್ತು ಎಂದು ದೊಡ್ಡಸ್ತಿಕೆ ಯಾಕೆ, ವರ್ಷವಿಡೀ ಆ ಒಂದು ದಿನಕ್ಕೆ ಕಾಯುತ್ತಿದ್ದೆ.

ಗರಗ ತೋರಿಸಿಕೊಟ್ಟವರು ಅಪ್ಪನೇ. ಆಗ ನಾವು ಮಾನ್ವಿಯಲ್ಲಿದ್ದೆವು, ಅಪ್ಪ ಅಲ್ಲಿ ಶಾಲೆಯ ಮಾಸ್ತರು. ಬಚ್ಚಲಿನ ನೀರು ಹರಿದುಹೋಗುವ ಕಡೆ ಅದು ತಾನಾಗಿಯೇ ಬೆಳೆಯುತ್ತಿತ್ತು. ಅವ್ವನ ತಲೆಗೆ ಎಣ್ಣೆ ಕಾಯಿಸಲು ಸೊಪ್ಪು ಕೀಳುತ್ತ ಅಪ್ಪ ಒಂದು ಎಲೆಯನ್ನು ನನ್ನ ಅಂಗೈಗಿಟ್ಟರು. "ತಿಕ್ಕು. ಕರ್ರಗಾದ್ರ ಗರಗ. ಆಗಲಿಲ್ಲಂದ್ರ ಚೆಲ್ಲಿ ಕೈ ತೊಳಕೋ." ನನ್ನ ಮೊದಲ ವಿಜ್ಞಾನದ ಪಾಠ ಅದು. ಅದಕ್ಕಿಂತ ಒಳ್ಳೆಯ ಪಾಠವನ್ನು ನಾನೂ ಮುಂದೆ ಯಾರಿಗೂ ಮಾಡಲಿಲ್ಲ.

ಗರಗವೆಂದು ಜನ ಮೋಸಹೋಗುವ ಇನ್ನೊಂದು ಗಿಡ ಟ್ರೈಡ್ಯಾಕ್ಸ್. ರಸ್ತೆ ಬದಿ, ಗೋಡೆಯ ಬುಡ, ಎಲ್ಲೆಂದರಲ್ಲಿ ಇರುತ್ತದೆ. ಹುಡುಗರು ಮೊಣಕಾಲು ಕೆತ್ತಿಕೊಂಡರೆ ಇದರ ರಸ ಹಿಂಡಿಕೊಳ್ಳುತ್ತಾರೆ. ಎರಡೂ ಸೇವಂತಿಗೆಯ ಕುಟುಂಬದವು. ಆ ಕುಟುಂಬವಾದರೂ ಎಂಥದು! ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಚಟ್ನಿಪುಡಿಯ ಗುರೆಳ್ಳು, ಕುಸುಬಿ, ಸೂರ್ಯಕಾಂತಿ, ಎಲ್ಲ ಒಂದೇ ಕುಲ. ಒಂದು ಹೂವೆಂದು ನಾವು ನೋಡುವುದು ಒತ್ತಾಗಿ ಕೂತ ನೂರಾರು ಸಣ್ಣ ಹೂಗಳ ಗುಂಪು. ಹೂವಿಗೂ ಒಂಟಿಯಾಗಿರುವ ಕರ್ಮವಿಲ್ಲ ನೋಡಿ ಎಂದು ಪಾಠದ ನಡುವೆ ತಮಾಷೆ ಮಾಡುತ್ತಿದ್ದೆ, ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ.

ಇವೆರಡನ್ನು ಬೇರೆ ಮಾಡಲು ಎಲೆ ತಿಕ್ಕಲೇಬೇಕು ಎಂದೇನಿಲ್ಲ. ನಿಂತಲ್ಲಿಂದಲೇ ತೊಟ್ಟು ನೋಡಿದರೆ ಸಾಕು. ಟ್ರೈಡ್ಯಾಕ್ಸಿನ ಹೂವು ಗೇಣುದ್ದದ ತೊಟ್ಟಿನ ಮೇಲೆ, ಎಲೆಗಳಿಂದ ದೂರ, ಒಂದೇ ನಿಂತಿರುತ್ತದೆ, ನಡುವೆ ಹಳದಿ. ಗರಗದ್ದು ಎಲೆಯ ಕಂಕುಳಲ್ಲೇ ಗಿಡ್ಡ ತೊಟ್ಟಿನ ಮೇಲೆ ಕೂತ ಪುಟ್ಟ ಬಿಳಿ ಬಿಲ್ಲೆ. ಇಷ್ಟನ್ನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಕಲಿಸುತ್ತಿದ್ದೆ.

ಹೋದ ವರ್ಷ ಭಾದ್ರಪದಕ್ಕೆ ಮೊದಲು ತಮ್ಮ ಫೋನ್ ಮಾಡಿದ. "ಅಕ್ಕಾ, ಈ ಸಲ ಮಠದಾಗ ಮಾಡಸ್ತೀನಿ. ಎಲ್ಲಾ ಅವರ ನೋಡ್ಕೋತಾರ. ನೀ ಗರಗ ತರೂದು ಬ್ಯಾಡ. ಊಟಕ್ಕ ಬಾ ಸಾಕು."

ಊಟಕ್ಕೆ ಬಾ! ನಮ್ಮಪ್ಪನ ತಿಥಿಗೆ ನಾನು ಉಂಡು ಹೋಗುವ ನೆಂಟಳಾದೆ. ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡನ್ನೂ ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ತಿಥಿಯ ದಿನ ಬೆಳಿಗ್ಗೆ ಕಾಲುವೆ ದಂಡೆಗೆ ಹೋಗಿ, ಸೆರಗು ಸಿಕ್ಕಿಸಿ ಕೆಸರಿಗಿಳಿದು, ಒಂದು ಹಿಡಿ ಗರಗ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೇ ಬಸ್ಸು ಹತ್ತಿದೆ.

ಮಠದಲ್ಲಿ ನನಗೆ ಹೊರಗಿನ ಕಟ್ಟೆಯ ಮೇಲೆ ಜಾಗ. ಎದುರಿಗೆ ನಲ್ಲಿ, ನಲ್ಲಿಯ ಪಕ್ಕ ತೊಳೆದಿಟ್ಟ ತಟ್ಟೆಯಲ್ಲಿ ತುಳಸಿ, ದರ್ಭೆ, ಸೊಪ್ಪು. ಸೊಪ್ಪಿನ ತುದಿಯಲ್ಲಿ ಗೇಣುದ್ದದ ತೊಟ್ಟುಗಳು ನೆಟ್ಟಗೆ ನಿಂತಿದ್ದವು. ಟ್ರೈಡ್ಯಾಕ್ಸ್. ಆ ಕ್ಷಣ ನನಗಾದದ್ದು ದುಃಖವಲ್ಲ, ಖುಷಿ. ಅಪ್ಪನ ತಿಥಿಯಲ್ಲಿ ತಪ್ಪು ಸಿಕ್ಕಿತೆಂದು ಖುಷಿಪಟ್ಟವಳು ನಾನು.

"ಇದು ಗರಗ ಅಲ್ರೀ" ಎಂದೆ, ತಟ್ಟೆ ಒಯ್ಯಲು ಬಂದ ಆಚಾರ್ಯರಿಗೆ.

"ಗರಗನ ಅದ ತಾಯಿ. ಬಿಳಿ ಹೂ ಅದ, ಒರಟು ಎಲಿ ಅದ. ಇನ್ನೇನ್ ಬೇಕು?"

ತಮ್ಮ ಒಳಗಿಂದ ಬಂದು ಮೆಲ್ಲಗೆ, "ಇರ್ಲಿ ಬಿಡಕ್ಕಾ" ಎಂದ. ನಾನು ಬಿಡಲಿಲ್ಲ. ಎಡಗೈಯಲ್ಲಿ ಅವರ ಸೊಪ್ಪು, ಬಲಗೈಯಲ್ಲಿ ನನ್ನದು, ಎರಡನ್ನೂ ಬೆರಳಿನಿಂದ ಹಿಸುಕಿ ಅಂಗೈ ಚಾಚಿ ನಿಂತೆ. ಕಪ್ಪಾಗಲು ಸ್ವಲ್ಪ ಹೊತ್ತು ಬೇಕು. ಆಚಾರ್ಯರು, ತಮ್ಮ, ಅವನ ಹೆಂಡತಿ ಮೂವರೂ ನೋಡುತ್ತ ನಿಂತರು. ನನ್ನ ಕೈಗಳನ್ನು ಅಷ್ಟು ಹೊತ್ತು ಯಾರೂ ನೋಡಿದ್ದು ನೆನಪಿಲ್ಲ. ಎಡಗೈ ಹಸಿರಾಗಿಯೇ ಉಳಿಯಿತು. ಬಲಗೈ ನಿಧಾನವಾಗಿ ಕಾಡಿಗೆಯಾಯಿತು.

ಆಚಾರ್ಯರು ದೊಡ್ಡ ಮನುಷ್ಯರು, ಜಗ್ಗಾಡಲಿಲ್ಲ. "ತಪ್ಪಾತ್ರೀ ತಾಯಿ. ನಿಮ್ಮದ ತೊಳದು ಕೊಡ್ರಿ" ಎಂದು ತಟ್ಟೆಯಲ್ಲಿದ್ದ ಸೊಪ್ಪು ತೆಗೆಸಿದರು. ನಾನು ತಂದ ಗರಗ ಅಪ್ಪನಿಗೆ ಸಂದಿತು.

ಊಟವಾದ ಮೇಲೆ ತಮ್ಮನ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. "ಅಕ್ಕಾ, ಎರಡರದೂ ಒಂದೊಂದು ಫೋಟೋ ಕಳಸಿಬಿಡ್ರಿ. ಮುಂದಿನ ವರ್ಷ ನಾವ ನೋಡ್ಕೊಂಡು ತರ್ತೀವಿ. ಈ ವಯಸ್ಸಿನಾಗ ನೀವ್ಯಾಕ ಕೆಸರಾಗ ಇಳದು, ಬಸ್ಸಿನಾಗ ಒದ್ದಾಡ್ಬೇಕು?" ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಬರೀ ಕಕ್ಕುಲಾತಿ ಇತ್ತು. ಕೊಂಕಿದ್ದರೆ ಜಗಳ ಆಡಬಹುದಿತ್ತು.

"ಫೋಟೋದಾಗ ಗೊತ್ತಾಗೂದಿಲ್ಲವ್ವ" ಎಂದೆ. "ಕೈಯಾಗ ತಿಕ್ಕೇ ನೋಡ್ಬೇಕು. ಅದೂ ರೂಢಿ ಇದ್ದವರಿಗೇ ತಿಳೀತದ."

ಫೋಟೋದಲ್ಲಿ ಗೊತ್ತಾಗುತ್ತದೆ. ತೊಟ್ಟು ನೋಡಿದರೆ ಐದನೇ ಕ್ಲಾಸಿನ ಹುಡುಗಿಗೂ ಗೊತ್ತಾಗುತ್ತದೆ. ಮೂವತ್ತು ವರ್ಷಗಳಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಒಂದೇ ಒಂದು ತಪ್ಪು ಪಾಠ ಮಾಡದವಳು, ಅವತ್ತು ಆ ಕಟ್ಟೆಯ ಮೇಲೆ ಕೂತು ಮಾಡಿದೆ.

"ಹಂಗಾದ್ರ ನೀವ ತರಬೇಕಾತು" ಎಂದಳು ಅವಳು.

"ತರ್ತೀನಿ ಬಿಡವ್ವ" ಎಂದೆ, ಕಪ್ಪು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು.