ಅಲ್ಲಿ ಬರೀ ಮರಳು

ಕಂಟಕಚರ್ಮಿ ಅನ್ನುವ ಮಾತನ್ನು ದೋಣಿಯಕ್ಕ ಮೊದಲ ಸಲ ಕೇಳಿದ್ದು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ. ಹೇಳಿದವಳು ಪಟ್ಟಣದಿಂದ ಬಂದ ಹೆಂಗಸು, ಮೂವತ್ತರ ಆಸುಪಾಸಿನವಳು, ಕೊರಳಿಗೆ ಒಂದು ಪುಟ್ಟ ಯಂತ್ರ ನೇತುಹಾಕಿಕೊಂಡಿದ್ದಳು. ಮೀನು ಹಿಡಿಯಬಾರದೆಂದು ಸರ್ಕಾರ ಮುಚ್ಚಿದ ಕಡಲಿನಲ್ಲಿ ಅಂಥ ಪ್ರಾಣಿಗಳು ಎಷ್ಟು ಬಗೆ ಇವೆಯೆಂದು ಎಣಿಸಬೇಕಂತೆ. ಅದಕ್ಕೆ ದೋಣಿ ಬೇಕು, ಜೊತೆಗೆ ಮುಳುಗುವವನೊಬ್ಬ ಬೇಕು.

“ಎಂಥಾ ಪ್ರಾಣಿ ಅಂದ್ರಿ?”

“ಕಂಟಕಚರ್ಮಿ. ಚರ್ಮದ ಮೇಲೆ ಮುಳ್ಳು ಇರೋವು. ನಕ್ಷತ್ರ ಮೀನು, ಮುಳ್ಳುಂಡೆ, ಕಡಲಸೌತೆ, ಎಲ್ಲಾ ಒಂದೇ ಮನೆತನ.”

“ಮುಳ್ಳುಚರ್ಮದವರನ್ನ ಎಣಿಸೋಕೆ ಕಡಲಿಗ್ಯಾಕಮ್ಮ ಹೋಗ್ತೀರಿ? ನಮ್ಮ ಓಣಿಯ ಈ ತುದಿಯಿಂದಲೇ ಶುರು ಮಾಡಿ,” ಅಂದಳು ದೋಣಿಯಕ್ಕ.

ಬಂದವಳು ನಕ್ಕಳು. ಒಳಗೆ ಊಟಕ್ಕೆ ಕೂತಿದ್ದ ಮೈದುನ ಮಾತ್ರ ನಗಲಿಲ್ಲ. ಕಡಲಸೌತೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅವನು ಅಗಿಯುವುದನ್ನು ನಿಲ್ಲಿಸಿದ್ದನ್ನು ದೋಣಿಯಕ್ಕ ಕಿಟಕಿಯಿಂದ ಕಂಡಳು. ಆ ಗಳಿಗೆಯಿಂದ ಅವಳ ಮನಸ್ಸಿನ ಮೂಲೆಯಲ್ಲೊಂದು ಗೆದ್ದಲು ಸೇರಿಕೊಂಡಿತು.

ಮೈದುನನನ್ನು ಊರು ಮುಳುಗಪ್ಪ ಎಂದೇ ಕರೆಯುತ್ತಿತ್ತು. ಸಣ್ಣವನಿದ್ದಾಗ ಕಟ್ಟೆಯಿಂದ ಜಾರಿ ನೀರಿಗೆ ಬಿದ್ದವನು ಮೇಲೆ ಬರಲೇ ಇಲ್ಲವಂತೆ. ಹೆಂಗಸರು ಎದೆ ಬಡಿದುಕೊಂಡು ಅಳುವುದಕ್ಕೆ ಶುರು ಮಾಡಿದ ಮೇಲೆ, ಕೈಯಲ್ಲಿ ಒಂದು ಕಡಲಸೌತೆ ಹಿಡಿದು, ಯಾರಿಗೆ ಏನಾಯಿತು ಎನ್ನುವ ಮುಖ ಮಾಡಿಕೊಂಡು ಎದ್ದುಬಂದನಂತೆ. ಅಂದಿನಿಂದ ಅದೇ ಅವನ ಕಸುಬಾಯಿತು. ತೋಳುದ್ದದ ಆ ಮೆತ್ತನೆಯ ಪ್ರಾಣಿಗಳನ್ನು ಉಸಿರು ಕಟ್ಟಿ ಆರಿಸಿ ತರುವುದು, ಕಬ್ಬಿಣದ ಪೀಪಾಯಿಯಲ್ಲಿ ಬೇಯಿಸುವುದು, ಹೊಗೆಗೆ ಹಿಡಿದು ಒಣಗಿಸುವುದು. ಒಣಗಿದರೆ ಇದ್ದಿಲಿನ ಕೊರಡು. ಹೊರದೇಶದ ವ್ಯಾಪಾರಿಗಳು ಅದನ್ನೇ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು.

ಆಳದ ಒತ್ತಡಕ್ಕೆ ಅವನ ಎಡಗಿವಿ ಒಡೆದುಹೋಗಿತ್ತು. ಮಾತಾಡಬೇಕಾದವರು ಬಲಕ್ಕೆ ನಿಲ್ಲುತ್ತಿದ್ದರು, ಬೈಯಬೇಕಾದವರು ಎಡಕ್ಕೆ. ಮದುವೆ ಮಾಡಿಕೊಳ್ಳೋ ಅಂದರೆ, “ಉಸಿರು ಕಟ್ಟೋಕೆ ಕಡಲೇ ಸಾಕು, ಇನ್ನೊಬ್ಬಳ್ಯಾಕೆ,” ಅನ್ನುತ್ತಿದ್ದ.

ಅವರ ಕಸುಬಿಗೆ ಒಂದು ಕಟ್ಟಳೆಯಿತ್ತು. ಮುಳುಗುವವನು ತನ್ನ ಜಾಗವನ್ನು ಯಾರಿಗೂ ತೋರಿಸಬಾರದು. ಮಾಲು ಹಂಚಿಕೊಳ್ಳಬಹುದು, ಅನ್ನ ಹಂಚಿಕೊಳ್ಳಬಹುದು, ಜಾಗ ಮಾತ್ರ ಒಡಹುಟ್ಟಿದವನಿಗೂ ಇಲ್ಲ. ದೋಣಿಯಕ್ಕನ ಗಂಡ ಬದುಕಿರುವವರೆಗೂ ತಮ್ಮನನ್ನು ಕೇಳಿ ಕೇಳಿ ಸೋತ. “ಒಂದೇ ಮೊಲೆಯ ಹಾಲು ಕುಡಿದ್ವಿ, ನನಗೂ ಹೇಳಲ್ವೇನೋ?” ಅಂದರೆ, “ಹಾಲು ಬೇರೆ, ಕಡಲು ಬೇರೆ ಅಣ್ಣ,” ಅನ್ನುವ ಉತ್ತರ. ಗಂಡ ಹೋದ, ದೋಣಿ ಉಳಿಯಿತು. ಆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ದೋಣಿಯಿಂದಲೇ.

ಕಡಲು ಮುಚ್ಚಿದ ಮೇಲೆ ಬಂದ ಕಾನೂನು ಬಲು ಬಿಗಿ. ಮುಚ್ಚಿದ ನೀರಿನ ಒಂದೇ ಒಂದು ಪ್ರಾಣಿ ಸಿಕ್ಕರೂ ದೋಣಿ ಜಪ್ತಿ. ಮತ್ತೆ ಕೊಡುವ ಮಾತೇ ಇಲ್ಲ. ಕಳ್ಳತನ ಮಾಡಿದವನು ಯಾರೆಂದು ಕೇಳುವುದಿಲ್ಲ, ದೋಣಿ ಯಾರದೆಂದು ಕೇಳುತ್ತಾರೆ. ಹಾಗಿರುವಾಗ ಊರಿಗೆಲ್ಲ ಹೆಸರಾದ ಸೌತೆಗಳ್ಳನನ್ನು ಸೌತೆ ಎಣಿಸುವ ಕೆಲಸಕ್ಕೆ, ಅದೂ ತನ್ನ ದೋಣಿಯಲ್ಲೇ ಕಳಿಸುವುದೆಂದರೆ ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗೆ. ಆದರೂ ಬಾಡಿಗೆ ಖಾಯಂ. ದೋಣಿಯಕ್ಕ ಒಪ್ಪಿಕೊಂಡಳು, ಒಪ್ಪಿಕೊಂಡು ಕಣ್ಣಿಟ್ಟಳು.

ಎಣಿಸಲು ಬಂದವಳಿಗೆ ಊರು ಎಣಿಕೆಯಮ್ಮ ಅಂತ ಹೆಸರಿಟ್ಟಿತು, ಅವಳ ಕೆಲಸ ನಿಧಾನದ್ದು. ತಳಕ್ಕೆ ಹಗ್ಗ ಹಾಸಿ, ಅದರ ಗುಂಟ ಚೌಕಟ್ಟು ಇಡುತ್ತಾ ಹೋಗಿ, ಚೌಕಟ್ಟಿನೊಳಗೆ ಯಾರ್‍ಯಾರು ಇದ್ದಾರೆ ಅಂತ ನೋಡುವುದು. ಕೊರಳಿನ ಯಂತ್ರ ದೋಣಿ ನಿಂತ ಜಾಗವನ್ನು ಗೇಣು ತಪ್ಪದಂತೆ ಗುರುತು ಹಾಕಿಕೊಳ್ಳುತ್ತಿತ್ತು. ಸಂಜೆ ಕಟ್ಟೆಗೆ ಬಂದಾಗ ದೋಣಿಯಕ್ಕ ಕೇಳುವಳು, “ಇವತ್ತು ಎಷ್ಟು ಮುಳ್ಳು?”

“ಹೊಸದೊಂದು ಸಿಕ್ತು ಅಕ್ಕ. ಆದ್ರೆ ಕರಿಬಂಡೆ ಆಚೆ ಕಡೆ ಏನೂ ಇಲ್ವಂತೆ. ಇವರು ಇಳಿದು ನೋಡಿ ಹೇಳಿದ್ರು.”

“ಅಲ್ಲಿ ಬರೀ ಮರಳು,” ಅನ್ನುತ್ತಿದ್ದ ಮುಳುಗಪ್ಪ, ಹಗ್ಗ ಸುತ್ತುತ್ತಾ, ಯಾರ ಮುಖವನ್ನೂ ನೋಡದೆ.

ಅದೇ ಮುಳುಗಪ್ಪ ರಜೆಯ ದಿನ ಬೆಳಿಗ್ಗೆ ಒಬ್ಬನೇ ದೋಣಿ ಬಿಡತೊಡಗಿದ. ಎಂಜಿನ್ ನೋಡಬೇಕು ಅನ್ನುವ ನೆವ. ಕಂಕುಳಲ್ಲಿ ಖಾಲಿ ಗೋಣಿ. ವಾಪಸು ಬರುವಾಗ ಗೋಣಿ ತುಂಬಿ, ಬಾಯಿ ಕಟ್ಟಿ, ನೀರು ಸುರಿಯುತ್ತಿರುತ್ತಿತ್ತು. ಮನೆಗೆ ತರುತ್ತಿರಲಿಲ್ಲ, ಕಟ್ಟೆಯ ಹಿಂದಿನಿಂದ ಎಲ್ಲಿಗೋ ಸಾಗಿಸುತ್ತಿದ್ದ.

ಪಕ್ಕದ ಮನೆಯ ಐಸು ಮಾರುವವಳು ಸುಮ್ಮನಿದ್ದಾಳೆಯೇ? “ಏನಕ್ಕ, ನಿನ್ನ ಮೈದುನನ ಎಂಜಿನ್ನು ಭಾರೀ ಕಾಯಿಲೆ ಮನುಷ್ಯ ಕಣೆ. ವಾರವಾರಾ ಸಮುದ್ರಕ್ಕೆ ಹವಾ ಬದಲಾವಣೆಗೆ ಹೋಗ್ಬೇಕು.”

“ನಿನ್ನ ಐಸು ಕರಗ್ತಾ ಇದೆ, ಹೋಗಿ ನೋಡ್ಕೋ,” ಅಂದಳು ದೋಣಿಯಕ್ಕ. ಅಂದದ್ದೇನೋ ಅಂದಳು, ಅವಳು ಹೋದದ್ದೇ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಹುಡುಕಾಟ ಶುರುವಾಯಿತು. ಅವನ ಅಂಗಿ ಮೂಸಿದಳು. ಉಪ್ಪು ಬಿಟ್ಟರೆ ಬೇರೆ ವಾಸನೆಯಿಲ್ಲ. ಮಂಚದ ಕೆಳಗೆ ಪೊರಕೆ ಆಡಿಸಿದಳು. ಹಿತ್ತಲ ಮೂಲೆಯ ಹಳೆಯ ಪೀಪಾಯಿಯ ಬಾಯಿಗೆ ಜೇಡ ಬಲೆ ಕಟ್ಟಿತ್ತು, ಒಂದೆಳೆಯೂ ಹರಿದಿರಲಿಲ್ಲ. ಅದರಿಂದ ಸಮಾಧಾನವಾದರೂ ಆಗಬೇಕಿತ್ತು. ಆದರೆ ಅನುಮಾನಕ್ಕೆ ಹೊಟ್ಟೆ ತುಂಬುವುದುಂಟೇ? ಹಾಗಾದರೆ ಬೇರೆ ಯಾರದೋ ಪೀಪಾಯಿಯಲ್ಲಿ ಬೇಯಿಸುತ್ತಿದ್ದಾನೆ ಅಂದುಕೊಂಡಳು.

ಒಂದು ದಿನ ದೋಣಿ ತೊಳೆಯುವಾಗ ತಳದ ಹಲಗೆಯ ಸಂದಿಯಲ್ಲಿ ಹಲ್ಲಿಯ ಬಾಲದಂಥದ್ದು ಕಂಡಿತು. ಕಡ್ಡಿಯಲ್ಲಿ ಎಬ್ಬಿಸಿದರೆ ಇನ್ನೂ ಮಿಸುಕುತ್ತಿತ್ತು. ಬಾಲದ ಎರಡೂ ಬದಿಗೆ ಸಣ್ಣ ಸಣ್ಣ ಮುಳ್ಳು. ಎಣಿಕೆಯಮ್ಮ ತೋರಿಸಿದ್ದ ಚಿತ್ರದಲ್ಲಿ ಇದೇ ಇತ್ತು, ಮುಟ್ಟಿದರೆ ತೋಳು ಕಳಚಿಕೊಳ್ಳುವ ಜಾತಿಯ ನಕ್ಷತ್ರ. ಸರ್ಕಾರದ ಕಾವಲಿನವನ ಕಣ್ಣಿಗೆ ಇದೊಂದು ತುಂಡು ಬಿದ್ದಿದ್ದರೆ ದೋಣಿಯೂ ಇಲ್ಲ, ಒಲೆಯೂ ಇಲ್ಲ. ಅದನ್ನು ನೀರಿಗೆ ಎಸೆದು, ಸೀರೆಗೆ ಕೈ ಒರೆಸಿಕೊಂಡು ಅವಳು ಮನೆಗೆ ಬಂದಳು. ಅಂದು ಅವನಿಗೆ ಬಡಿಸುವಾಗ ಸೌಟು ತಟ್ಟೆಗೆ ಕುಟ್ಟಿದ ಸದ್ದು ಅವನ ಒಡೆದ ಕಿವಿಗೂ ಕೇಳಿಸಿರಬೇಕು.

ಮುಂದಿನ ರಜೆಯ ಬೆಳಿಗ್ಗೆ ಅವನು ಕಟ್ಟೆಗೆ ಬರುವಷ್ಟರಲ್ಲಿ ದೋಣಿಯಕ್ಕ ದೋಣಿಯ ನಡುಹಲಗೆಯ ಮೇಲೆ ಕೂತಿದ್ದಳು.

“ಇಳಿ ಅತ್ತಿಗೆ.”

“ಇಳಿಯಲ್ಲ. ನನ್ನ ದೋಣಿ, ನಾನು ಕೂತಿದ್ದೀನಿ. ಎಂಜಿನ್ ನೋಡೋಕೆ ತಾನೇ ಹೋಗ್ತಿರೋದು? ನಾನೂ ನೋಡ್ತೀನಿ ಅದರ ಮುಖ.”

ಅವನು ಕಟ್ಟಿದ ಹಗ್ಗ ಬಿಚ್ಚಿದ. ಆಮೇಲೆ ಗೋಣಿಯನ್ನು ಒಳಗೆ ಎಸೆದು ಹತ್ತಿದ. ದಡದ ಇಟ್ಟಿಗೆ ಭಟ್ಟಿಯ ಚಿಮಣಿ ನೀರಿನ ಟ್ಯಾಂಕಿನ ಹಿಂದೆ ಮರೆಯಾಗಿ, ಕರಿಬಂಡೆ ಎರಡು ತುಂಡಾದ ಹಾಗೆ ಕಾಣುವ ಕಡೆ ಎಂಜಿನ್ ನಿಲ್ಲಿಸಿದ. ತಳಕ್ಕೆ ಗಾಜು ಕೂರಿಸಿದ ಡಬ್ಬಿಯೊಂದನ್ನು ಅವಳ ಕೈಗಿತ್ತ.

“ನೀರಿಗೆ ಒತ್ತಿ ಹಿಡ್ಕೊಂಡು ಒಳಗೆ ನೋಡು. ಬಾಯಿ ಮಾತ್ರ ಬಿಡಬೇಡ.”

ನೋಡಿದಳು. ಕೆಳಗೆ ಎರಡು ಬಂಡೆಗಳ ನಡುವೆ ಒಂದು ತಗ್ಗು. ಕಣ್ಣು ಹೊಂದಿಕೊಳ್ಳುವವರೆಗೆ ಬರೀ ನೀಲಿ, ಆಮೇಲೆ ಒಂದೊಂದಾಗಿ ಎದ್ದುಬಂದವು. ತಲೆದಿಂಬಿನ ಹಾಗೆ ಉಬ್ಬಿದ ಕೆಂಪು ನಕ್ಷತ್ರಗಳು. ಮುಳ್ಳುಂಡೆಗಳು, ಸೀಸದಕಡ್ಡಿಯಷ್ಟು ದಪ್ಪ ಮುಳ್ಳಿನವು, ಸೂಜಿಯಂಥ ಕರಿಮುಳ್ಳಿನವು. ಬಂಡೆಯ ಅಂಚನ್ನು ಹಿಡಿದುಕೊಂಡು ಹಳದಿ ಗರಿಗಳನ್ನು ಬಿಚ್ಚಿ ಮಡಚಿ ಮಾಡುತ್ತಿದ್ದವು ಕೆಲವು. ಅವೂ ಪ್ರಾಣಿಗಳೆಂದು ಅವಳಿಗೆ ನಂಬಲಾಗಲಿಲ್ಲ. ಪ್ರತಿ ಸಂದಿಯಿಂದಲೂ ಆ ಹಲ್ಲಿಬಾಲಗಳು ಇಣುಕುತ್ತಿದ್ದವು. ಮರಳಿನ ಮೇಲೆ ಕಡಲಸೌತೆಗಳು, ಕಪ್ಪು, ಕಂದು, ಚುಕ್ಕೆಯವು, ಉಂಡು ಮಲಗಿದ ಬೀಗರ ಹಾಗೆ ಬಿದ್ದುಕೊಂಡಿದ್ದವು.

ಅವುಗಳ ನಡುವೆ ಮುಳುಗಪ್ಪ ಇಳಿದ. ಒಂದು ಸೌತೆಯನ್ನೂ ಮುಟ್ಟಲಿಲ್ಲ. ಬಂಡೆಗೆ ಸುತ್ತಿಕೊಂಡಿದ್ದ ಹರಿದ ಬಲೆಯೊಂದನ್ನು ಚಾಕುವಿನಿಂದ ಕೊಯ್ದು, ಅದರಲ್ಲಿ ಸಿಕ್ಕವರನ್ನು ಒಬ್ಬೊಬ್ಬರಾಗಿ ಬಿಡಿಸಿ, ಬಲೆಯನ್ನು ಗೋಣಿಗೆ ತುರುಕಿದ. ಮೇಲೆ ಬಂದಾಗ ಅವನ ಉಸಿರು ಸೀಟಿ ಹೊಡೆಯುತ್ತಿತ್ತು.

ದೋಣಿಯಕ್ಕ ಗೋಣಿಯ ಬಾಯಿ ಬಿಡಿಸಿ ತಳದವರೆಗೂ ಕೈ ಹಾಕಿ ನೋಡಿದಳು. ಬಲೆ. ಬರೀ ಬಲೆ.

“ಬೆಳೆಸಿ ಕೊಬ್ಬಿಸಿ ಆಮೇಲೆ ಮಾರ್ಬೇಕು ಅಂತಾನೋ?” ಅಂದಳು, ಇನ್ನೂ ಬಿಡದೆ.

“ನೀನು ಪೊಲೀಸಿನವಳಾಗಬೇಕಿತ್ತು,” ಅಂದ ಅವನು. “ಹಿಂದೆ ಒಂದು ಜಾಗ ಒಬ್ಬ ವ್ಯಾಪಾರಿಗೆ ಬಾಯಿಬಿಟ್ಟಿದ್ದೆ. ಮುಂದಿನ ಸಲ ಹೋದಾಗ ಕಸ ಗುಡಿಸಿಟ್ಟ ಅಂಗಳ ಇದ್ದಂಗಿತ್ತು. ಇದೊಂದು ಉಳಿದಿದೆ.”

“ಎಣಿಕೆಯಮ್ಮ ವ್ಯಾಪಾರಿ ಅಲ್ವಲ್ಲೋ. ಅವಳು ಎಣಿಸೋಕೆ ಬಂದವಳು.”

“ಎಲ್ಲರೂ ಮೊದಲು ಎಣಿಸ್ತಾರೆ ಅತ್ತಿಗೆ. ಆಮೇಲೆ ತಾನೇ ಒಯ್ಯೋದು?”

ತಾನು ಕಳ್ಳ, ಪರರ ನಂಬ ಅನ್ನುವ ಗಾದೆ ಅವಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಅಣ್ಣನಿಗೂ ತೋರಿಸದ ಜಾಗವನ್ನು ಅವನು ತನಗೆ ತೋರಿಸಿದ್ದಾನೆ ಅನ್ನುವುದು ಆಗ ತಾನೇ ಅವಳಿಗೆ ಹೊಳೆದಿತ್ತು.

ಆದರೆ ಅನುಮಾನ ಪಡುವುದು ಅವಳೊಬ್ಬಳ ಗುತ್ತಿಗೆಯಲ್ಲ. ಕೆಲವು ವಾರಗಳಾದ ಮೇಲೆ ಕಾವಲಿನವನು ಬಾಗಿಲಿಗೆ ಬಂದ. ರಜೆಯ ದಿನಗಳಲ್ಲಿ ದೋಣಿ ಕರಿಬಂಡೆಯ ಆಚೆ ನಿಂತಿದ್ದನ್ನು ದುರ್ಬೀನಿನಲ್ಲಿ ನೋಡಿದ್ದೇನೆ ಅಂದ. “ಬರೀ ಮರಳು ಇರೋ ಕಡೆ ಯಾವನಾದ್ರೂ ಮುಳುಗ್ತಾನಾ? ಸರಿಯಾದ ಕಾರಣ ಕೊಡಿ. ಇಲ್ಲ ಅಂದ್ರೆ ಮುಂದಿನ ವಾರ ದೋಣಿ ಎಳ್ಕೊಂಡು ಹೋಗ್ತೀವಿ.”

ಅಷ್ಟು ಹೊತ್ತಿಗೆ ಮುಳುಗಪ್ಪ ಹಾಸಿಗೆ ಹಿಡಿದಿದ್ದ. ನೀರಿನಿಂದ ಎದ್ದವನು ಮೂಗು ಬಾಯಲ್ಲಿ ರಕ್ತ ಕಾರಿಕೊಂಡು ಕಟ್ಟೆಯ ಮೇಲೆ ಕುಸಿದಿದ್ದ. ಡಾಕ್ಟರು ಎದೆಗೆ ಕಿವಿಗೊಟ್ಟು, ದೋಣಿಯಕ್ಕನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಎಂದಿದ್ದರು.

“ಏನು ಹೇಳ್ಲಿ ಅವರಿಗೆ?” ಎಂದು ಅವಳು ಅವನ ಬಲಗಿವಿಗೆ ಬಾಗಿ ಕೇಳಿದಳು.

“ಎಂಜಿನ್ ನೋಡೋಕೆ ಹೋಗಿದ್ದ ಅನ್ನು.”

“ಅದನ್ನ ಐಸಿನವಳೇ ನಂಬಲ್ಲ, ಇನ್ನು ಅವರು ನಂಬ್ತಾರಾ?”

ಅವನು ಗೋಡೆಯ ಕಡೆ ಹೊರಳಿದ. ದಾರಿ ಅವಳಿಗೇ ಗೊತ್ತಿತ್ತು. ಚಿಮಣಿ, ಟ್ಯಾಂಕು, ಕರಿಬಂಡೆ ಅಂದರೆ ಮುಗಿಯಿತು, ದೋಣಿ ಉಳಿಯುತ್ತದೆ. ಎರಡು ಸಲ ಚಪ್ಪಲಿ ಮೆಟ್ಟಿ ಓಣಿಯ ತಿರುವಿನವರೆಗೆ ಹೋಗಿ ವಾಪಸು ಬಂದಳು. ಸಾಯುವವನ ಬಾಯಿಂದ ಬರಬೇಕಾದ ಮಾತು ತನ್ನ ಬಾಯಿಂದ ಬಂದರೆ, ಅವನು ಜಗತ್ತನ್ನೆಲ್ಲ ಅನುಮಾನಿಸಿದ್ದು ಸರಿಯೇ ಅಂತ ಆಗಿಬಿಡುತ್ತದಲ್ಲ.

ಗಡುವಿನ ಹಿಂದಿನ ದಿನ ಎಣಿಕೆಯಮ್ಮ ತಾನಾಗಿ ಬಂದಳು. ಮಂಚದ ಬಲಕ್ಕೆ ಸ್ಟೂಲು ಎಳೆದುಕೊಂಡು ಕೂತಳು.

“ಕಾವಲಿನವನನ್ನ ಕಳಿಸಿದ್ದು ನೀನು ತಾನೇ?” ಎಂದು ಅವನು ಕಣ್ಣು ತೆರೆಯದೆ ಕೇಳಿದ.

ದೋಣಿಯಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಣಿಕೆಯಮ್ಮ ತಲೆ ತಗ್ಗಿಸಲಿಲ್ಲ. “ಹೌದು, ನಾನೇ ಹೇಳಿದ್ದು. ನೀವು ಕದೀತಿದ್ದೀರಿ ಅಂತ ನನಗೆ ಅನುಮಾನ ಇತ್ತು. ಈಗಲೂ ಇದೆ.”

ಮುಳುಗಪ್ಪ ಕಣ್ಣು ಬಿಟ್ಟು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ.

“ಇನ್ನೊಂದು ವಿಷಯ,” ಅಂದಳು ಅವಳು. “ಮುಚ್ಚಿದ ಕಡಲಿನ ಗೆರೆ ಹೊಸದಾಗಿ ಹಾಕ್ತಾ ಇದ್ದಾರೆ. ಕರಿಬಂಡೆ ಆಚೆ ಬರೀ ಮರಳು ಅಂತ ನೀವು ಹೇಳಿದ್ದನ್ನೇ ನಾನು ಬರೆದೆ. ಹಾಗಾಗಿ ಅದು ಗೆರೆಯಿಂದ ಹೊರಗೆ ಹೋಗುತ್ತೆ. ಆಮೇಲೆ ಯಾರು ಬೇಕಾದ್ರೂ ಬಲೆ ಹಾಕಬಹುದು, ಮುಳುಗಬಹುದು. ಅಲ್ಲಿ ಬೇರೆ ಏನಾದ್ರೂ ಇದ್ರೆ ನಾನು ಕಣ್ಣಾರೆ ನೋಡ್ಬೇಕು. ನೋಡಿದ್ರೆ ದೋಣಿ ಯಾಕೆ ನಿಂತಿತ್ತು ಅಂತಾನೂ ನಾನೇ ಹೇಳ್ತೀನಿ. ನೋಡದೆ ಸುಳ್ಳು ಸಾಕ್ಷಿ ಹೇಳಲ್ಲ.”

ಎಣಿಕೆಯಮ್ಮ ಎದ್ದು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

“ಮುಖಕ್ಕೆ ಹೊಡೆದ ಹಾಗೆ ಹೇಳಿದಳಲ್ಲ,” ಅಂದ ಮುಳುಗಪ್ಪ. “ಕದಿಯೋ ಯೋಚನೆ ಇದ್ದೋಳು ಬೆಣ್ಣೆ ಹಚ್ಚಿ ಮಾತಾಡ್ತಿದ್ದಳು.”

“ಅವಳು ಕದಿಯೋಳಲ್ಲ ಅಂತ ನಿನಗೀಗ ಗೊತ್ತಾಯ್ತಾ?”

“ಪೂರ್ತಿ ಗೊತ್ತಾಗಿಲ್ಲ.” ಕೆಮ್ಮಿದ. ಅವಳು ಬಟ್ಟೆಯಲ್ಲಿ ಅವನ ಬಾಯಿ ಒರೆಸಿದಳು. “ಅಣ್ಣ ಮಾಡಿದ ದೋಣಿ ಅದು. ನನ್ನ ಹಟಕ್ಕೆ ಹೋಗಬಾರದು. ನಾಳೆ ನೀನೇ ಕರ್ಕೊಂಡು ಹೋಗು ಅವಳನ್ನ. ಡಬ್ಬಿಯಲ್ಲಿ ಮೊದಲು ನೋಡಲಿ, ಆಮೇಲೆ ಇಳಿಯಲಿ. ಹಗ್ಗ ಬಂಡೆ ಮೇಲೆ ಬೀಳಬಾರದು, ಗರಿಯವು ಮುರಿದುಹೋಗ್ತವೆ.”

“ಆಯ್ತು ಕಣೋ.”

ಬಾಗಿಲ ಸಂದಿಯಿಂದ ಎಣಿಕೆಯಮ್ಮನ ಬೆನ್ನು ಕಾಣುತ್ತಿತ್ತು. ಕೊರಳಿನ ಯಂತ್ರವನ್ನು ಅವಳು ಸೆರಗಿನಿಂದ ಒರೆಸುತ್ತಿದ್ದಳು. ದೋಣಿಯಕ್ಕ ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದಳು.

ಮುಳುಗಪ್ಪ ಅವಳ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

“ನೇರ ಮಾತ್ರ ಹೋಗಬೇಡ ಅತ್ತಿಗೆ,” ಅಂದ. “ಲೈಟ್‌ಹೌಸ್ ಕಡೆಯಿಂದ ಎರಡು ಸುತ್ತು ಹಾಕಿಸಿ ಕರ್ಕೊಂಡು ಹೋಗು. ದಾರಿ ಅವಳಿಗೆ ಗೊತ್ತಾಗಬಾರದು.”