ಬಾಯಲ್ಲಿ ಹೇಳಿದ್ರಾ?

ನಮ್ಮೂರಿನಲ್ಲಿ ಜಗಳ ಬಗೆಹರಿಸಲು ಕೂರುವವರನ್ನು ಹಿರಿಯರು ಅನ್ನುತ್ತಿದ್ದರು. ತಂಟೆ ದೊಡ್ಡದಾಗಿ ಊರೇ ಸೇರಿದರೆ ದೈವದವರು. ಕೋರ್ಟಿನಲ್ಲಿ ಕೂರುವವರು ಜಡ್ಜ್ ಸಾಹೇಬರು. ಬೊಮ್ಮಸಂದ್ರಕ್ಕೆ ಬಂದ ಮೇಲೆ ಇನ್ನೊಂದು ಹೆಸರು ಕಲಿತೆ: ಎನ್‌ಕ್ವೈರಿ ಆಫೀಸರ್. ದೂರು ಕೊಡುವುದು ಕಂಪನಿ. ವಕೀಲರೊಬ್ಬರಿಗೆ ಫೀಸು ಕೊಟ್ಟು ಕರೆಸುವುದೂ ಕಂಪನಿ. ಆ ವಕೀಲರು ಕಂಪನಿಯದೇ ಕೋಣೆಯಲ್ಲಿ ಫ್ಯಾನ್ ಕೆಳಗೆ ಕೂತು, ಕೆಲಸಗಾರರದು ತಪ್ಪೋ ಸರಿಯೋ ಎಂದು ತೀರ್ಮಾನಿಸುತ್ತಾರೆ. ಮೊದಲ ಸಲ ಕೇಳಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ತಮಾಷೆಯಲ್ಲ, ಕಾನೂನಿನಲ್ಲೇ ಅವಕಾಶವಿದೆ ಎಂದರು. ಹಾಗಾದರೆ ಆ ಕಾನೂನಿಗೂ ಒಂದು ದೊಡ್ಡ ನಮಸ್ಕಾರ ಎಂದೆ.

ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ನಾನು ಮಾತ್ರೆ ತಯಾರಿಸುವ ಫ್ಯಾಕ್ಟರಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಬೆಲ್ಟಿನ ಆಚೆ ಬದಿಗೆ, ನನ್ನ ಎದುರಿಗೇ, ರೋಣದ ಕಡೆಯ ಹುಡುಗಿಯೊಬ್ಬಳು ನಿಲ್ಲುತ್ತಿದ್ದಳು. ವಠಾರದಲ್ಲೂ ನಮ್ಮ ರೂಮುಗಳು ಅಕ್ಕಪಕ್ಕ. ಅವಳ ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಇವಳ ಕೆಲಸ ಹೋದರೆ ಆ ಮನೆಯ ಒಲೆ ಹತ್ತುವಂತಿರಲಿಲ್ಲ.

ಪ್ಯಾಕಿಂಗ್ ಹಾಲಿನಲ್ಲಿ ಯಾರೂ ಮಾತಾಡುವುದಿಲ್ಲ. ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು. ಮಾಸ್ಕು ಕೆಳಗಿಳಿಸಿದರೆ ಮೆಮೊ. ಇಳಿಸಿ ಕೂಗಿದರೂ ಮಷೀನುಗಳ ಸದ್ದಿನಲ್ಲಿ ಏನೂ ಕೇಳಿಸದು. ಹಾಗಾಗಿ ಅಲ್ಲಿ ಎಲ್ಲವೂ ಕೈಸನ್ನೆ. ಕಿರುಬೆರಳು ಎತ್ತಿದರೆ ಟಾಯ್ಲೆಟ್ಟಿಗೆ ಹೋಗಬೇಕು ಎಂದು. ಸೂಪರ್‌ವೈಸರ್ ಮುಷ್ಟಿ ತೋರಿಸಿದರೆ ತಡಿ, ಅಂಗೈಯನ್ನು ಬಾಗಿಲ ಕಡೆ ಬೀಸಿದರೆ ಹೋಗು. ಹಾಗೆ ಕಳಿಸಿದ ಸೂಪರ್‌ವೈಸರ್, ಹೋದವರು ವಾಪಸ್ ಬರುವವರೆಗೂ ಅವರ ಜಾಗದಲ್ಲಿ ತಾನೇ ನಿಲ್ಲಬೇಕು. ಹೊಸದಾಗಿ ಸೇರಿದವರು ಪ್ಯಾಕಿಂಗಿಗಿಂತ ಮೊದಲು ಕಲಿಯುತ್ತಿದ್ದುದು ಇದನ್ನೇ.

ಅವತ್ತು ಅವಳು ಕಿರುಬೆರಳು ಎತ್ತಿದಳು. ಮುಷ್ಟಿ ಬಂತು. ಸ್ವಲ್ಪ ಹೊತ್ತು ಕಾಲು ಬದಲಿಸುತ್ತಾ ನಿಂತು ಮತ್ತೆ ಎತ್ತಿದಳು. ಈ ಸಲ ಸೂಪರ್‌ವೈಸರ್ ಅಂಗೈ ಬೀಸಿದ. ನಾನು ಕಣ್ಣಾರೆ ನೋಡಿದೆ. ಅವಳು ಹೋದಳು, ಅವನು ಅವಳ ಜಾಗಕ್ಕೆ ಬಂದು ನಿಲ್ಲಲಿಲ್ಲ. ಬೆಲ್ಟಿನಲ್ಲಿ ಡಬ್ಬಿಯೊಂದು ಸಿಕ್ಕಿಕೊಂಡಿತು, ಹಿಂದಿನವು ಅದರ ಮೇಲೆ ಬಂದು ಬಿದ್ದವು, ನಾನು ಓಡಿ ಕೆಂಪು ಗುಂಡಿ ಒತ್ತುವಷ್ಟರಲ್ಲಿ ರಾಶಿ ಮಾಲು ಜಜ್ಜಿಹೋಗಿತ್ತು. ಮ್ಯಾನೇಜರ್ ಓಡಿಬಂದು ಯಾರು ಕಳಿಸಿದ್ದು ಎಂದು ಕಿರುಚಿದರು. ಸೂಪರ್‌ವೈಸರ್ ಮಾಸ್ಕು ಇಳಿಸಿ, "ನಾನ್ ಕಳಿಸಿಲ್ಲ ಸಾರ್, ಹೇಳ್ದೆ ಕೇಳ್ದೆ ಎದ್ದೋಗಿದಾಳೆ" ಎಂದ. ಸುಳ್ಳು ಹೇಳುವುದಕ್ಕೆ ಮಾತ್ರ ಅವನಿಗೆ ಬಾಯಿ ಬಂತು.

ಕಂಪನಿ ಅವಳ ಮೇಲೆ ದೂರು ಹಾಕಿತು. ವಿಚಾರಣೆಯಲ್ಲಿ ಅವಳ ಪರವಾಗಿ ಕೆಲಸಗಾರರೊಬ್ಬರು ಪಕ್ಕದಲ್ಲಿ ಕೂರಬಹುದಿತ್ತು. ನಾನು ಹೋದೆ. ಎನ್‌ಕ್ವೈರಿ ಆಫೀಸರಾಗಿ ಬಂದಿದ್ದ ವಕೀಲರು ಮೃದುವಾಗಿಯೇ ಮಾತಾಡಿದರು. ನನಗೆ ಆ ಮೃದುತನವೇ ಮೈ ಉರಿಸಿತು.

"ಹೋಗು ಅಂತ ಸೂಪರ್‌ವೈಸರ್ ಬಾಯಲ್ಲಿ ಹೇಳಿದ್ರಾಮ್ಮ?"

"ಕೈ ಮಾಡಿದ್ರೀ" ಎಂದಳು ಅವಳು.

"ಬಾಯಲ್ಲಿ ಹೇಳಿದ್ರಾ, ಇಲ್ವಾ? ಅಷ್ಟು ಮಾತ್ರ ಹೇಳಿ."

"ಇಲ್ರೀ, ಆದ್ರ..."

ಆ "ಆದ್ರ" ಅವರಿಗೆ ಬೇಕಾಗಿರಲಿಲ್ಲ. ಅನುಮತಿ ಸಿಕ್ಕಿರಲಿಲ್ಲವೆಂದು ಒಪ್ಪಿಕೊಂಡಿದ್ದಾರೆ ಅಂತ ಟೈಪ್ ಮಾಡಪ್ಪಾ ಎಂದು ಪಕ್ಕದವನಿಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. "ಸಾರ್, ಪ್ಯಾಕಿಂಗ್ ಹಾಲಿನೊಳಗ ಯಾರೂ ಬಾಯಿ ಬಿಡೂದಿಲ್ರೀ. ಈ ಗ್ವಾಡಿ ಆಚಿಗೇ ಐತಿ, ಒಂದ್ಸಲ ಬಂದು ನೋಡ್ರಿ."

"ಅದೆಲ್ಲ ಬೇಡಮ್ಮ. ಕೈ ಆಡಿಸಿದ್ದಕ್ಕೆಲ್ಲ ಸಾಕ್ಷಿ ಎಲ್ಲಿರುತ್ತೆ?"

"ನಾನs ಸಾಕ್ಷಿ ಅದೀನ್ರೀ."

"ನೀವು ಅವರ ಫ್ರೆಂಡು ಕಣಮ್ಮ" ಎಂದು ನಕ್ಕರು. ಸೂಪರ್‌ವೈಸರ್ ಯಾರ ಫ್ರೆಂಡು ಎಂದು ಅವರು ಕೇಳಲಿಲ್ಲ.

ನಡುವೆ ಟೀ ಬಂತು, ಬಿಸ್ಕತ್ತು ಬಂತು. ವಕೀಲರಿಗೂ ಎಚ್‌ಆರ್ ಮ್ಯಾನೇಜರರಿಗೂ ಮಾತ್ರ. ನನಗೆ ಅಪ್ಪನ ನೆನಪಾಯಿತು. ಅಪ್ಪನನ್ನು ಊರಿನ ಜಗಳಗಳಿಗೆ ಹಿರಿಯನಾಗಿ ಕರೆಯುತ್ತಿದ್ದರು. ಆಗೆಲ್ಲ ಅಪ್ಪ ಮನೆಯಿಂದಲೇ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹೋಗುತ್ತಿದ್ದ. ತೀರ್ಮಾನ ಹೇಳುವವರೆಗೆ ಎರಡೂ ಕಡೆಯವರ ಮನೆಯ ನೀರು ಮುಟ್ಟಬಾರದೆಂಬುದು ಅಲ್ಲಿಯ ಕಟ್ಟಳೆ. ಹಾಗಂತ ಆ ಹಿರಿಯರೆಲ್ಲ ಧರ್ಮರಾಯರೇನಲ್ಲ. ಹೆಂಗಸರನ್ನು ಕಟ್ಟೆಯ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಆದರೆ ದೂರು ಕೊಟ್ಟವರ ಬಿಸ್ಕತ್ತನ್ನು ಅವರದೇ ಟೀಯಲ್ಲಿ ಅದ್ದಿ ತಿನ್ನುತ್ತಾ ತಪ್ಪು ಯಾರದು ಎಂದು ಕೇಳುವಷ್ಟು ನಾಚಿಕೆ ಬಿಟ್ಟಿರಲಿಲ್ಲ.

ಊಟದ ಹೊತ್ತಾಯಿತು. ಫೋನ್ ಬಂತೆಂದು ಹೊರಗೆ ಹೋಗಿದ್ದ ಎಚ್‌ಆರ್ ಮ್ಯಾನೇಜರ್ ಬಾಗಿಲಲ್ಲಿ ನಿಂತು, ಫೋನನ್ನು ಕಿವಿಗೆ ಹಿಡಿದುಕೊಂಡೇ, ಇನ್ನೊಂದು ಕೈಯ ಬೆರಳು ಕೂಡಿಸಿ ಬಾಯ ಹತ್ತಿರ ತಂದು ತೋರಿಸಿದರು. ವಕೀಲರು ತಲೆಯಾಡಿಸಿ, ನಮ್ಮ ಕಡೆ ನೋಡಿ, ಅಂಗೈಯನ್ನು ಬಾಗಿಲ ಕಡೆ ಬೀಸಿದರು. ನನ್ನ ಗೆಳತಿ ಪಾಪ, ರೂಢಿಯ ಹಾಗೆ ತಟ್ಟನೆ ಎದ್ದು ನಿಂತಳು. ನಾನು ಏಳಲಿಲ್ಲ.

"ಹೋಗ್ರಮ್ಮ, ಊಟ ಮಾಡ್ಕೊಂಡ್ ಬನ್ನಿ" ಎಂದರು.

"ಈಗ ಬಾಯ್ಲೆ ಹೇಳಿದ್ರಿ ಸಾರ್. ಆಕಿ ಅದಕ್ಕಿಂತ ಮೊದಲs ಎದ್ದಳಲ್ರೀ, ಅದಕ್ಕ ಯಾರ ಅನುಮತಿ ಇತ್ತು? ನಿಮಗ ಊಟಕ್ಕ ಬರ್ರಿ ಅಂತ ಯಾರು ಬಾಯ್ಲೆ ಹೇಳಿದ್ರು? ಇದನ್ನೂ ಟೈಪ್ ಮಾಡಸ್ರಿ."

ಟೈಪ್ ಮಾಡುವವನ ಬೆರಳುಗಳು ನಿಂತವು. ವಕೀಲರ ಮುಖ ಕಪ್ಪಿಟ್ಟಿತು. ಅವರು ಅರ್ಥ ಮಾಡಿಕೊಂಡರು, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅರ್ಥವಾಗದೆ ತಪ್ಪು ಮಾಡಿದವರನ್ನು ಕ್ಷಮಿಸಬಹುದು. ಇವರು ಅರ್ಥ ಮಾಡಿಕೊಂಡು, ನಾನು ವಿಚಾರಣೆಗೆ ಅಡ್ಡಿ ಮಾಡಿದೆನೆಂದು ಬರೆಸಿ, ನನ್ನನ್ನು ಹೊರಗೆ ಕಳಿಸಿ, ಕಂಪನಿಯ ಕ್ಯಾಂಟೀನಿಗೆ ಊಟಕ್ಕೆ ಹೋದರು.

ಆರೋಪ ಸಾಬೀತಾಗಿದೆ ಎಂದು ವರದಿ ಕೊಟ್ಟರು. ಇವತ್ತಿಗೂ ಅವರನ್ನು ನಾನು ಹಿರಿಯರು ಅನ್ನುವುದಿಲ್ಲ, ನ್ಯಾಯ ಹೇಳಿದವರು ಅನ್ನುವುದಿಲ್ಲ. ಕಂಪನಿಯವರು ಕೊಟ್ಟ ಇಂಗ್ಲಿಷ್ ಹೆಸರೇ ಅವರಿಗೆ ಸಾಕು.

ಕೆಲಸದಿಂದ ತೆಗೆದಿದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಂದಿನ ಹಾಗೆ ನನ್ನ ಜೊತೆ ಬೆಳಗಿನ ಶಿಫ್ಟಿಗೆ ಬಂದಳು, ಬುತ್ತಿ ಕಟ್ಟಿಕೊಂಡು. ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನನ್ನು ಒಳಗೆ ಬಿಟ್ಟು ಅವಳಿಗೆ ಅಡ್ಡ ನಿಂತ. ಯಾಕಣ್ಣಾ ಎಂದು ಕೇಳಿದಳು. ಅವನು ಅವಳ ಮುಖ ನೋಡಲಿಲ್ಲ. ಅಂಗೈಯನ್ನು ರಸ್ತೆಯ ಕಡೆ ಬೀಸಿದ. ಆ ಒಂದು ಕೈಸನ್ನೆಗೆ ಮಾತ್ರ ಕಂಪನಿ ಯಾವ ಸಾಕ್ಷಿಯನ್ನೂ ಕೇಳಲಿಲ್ಲ.